ಕಟಿಂಗ್ ಆದ ಮೇಲೆ ಅಂಚಿನಲ್ಲಿ ಬಿಳಿ ಗೆರೆ: ಸ್ಕ್ರೈಬಸ್‌ನಲ್ಲಿ ಬ್ಲೀಡ್ ಸರಿಮಾಡಿದ್ದು

ನಮ್ಮೂರ ಯಕ್ಷಗಾನದ ಆಮಂತ್ರಣವನ್ನು ಸ್ಕ್ರೈಬಸ್ ಎಂಬ ಪುಟವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಮಾಡಿ ಶಿರಸಿಯಲ್ಲಿ ಅಚ್ಚು ಹಾಕಿಸಿದೆ. ಎ5 ಅಳತೆ (148 × 210 ಮಿ.ಮೀ.), ಹಿನ್ನೆಲೆ ಪೂರ್ತಿ ಕುಂಕುಮ ಬಣ್ಣ. ಕಟಿಂಗ್ ಆಗಿ ಬಂದಾಗ ಒಂದು ಕಟ್ಟಿನಲ್ಲಿ ಬಲಗಡೆ, ಇನ್ನೊಂದರಲ್ಲಿ ಮೇಲ್ಗಡೆ, ಕೂದಲೆಳೆಯಷ್ಟು ಬಿಳಿ ಗೆರೆ.

ಪಿಡಿಎಫ್ ಅನ್ನು 102% ಹಿಗ್ಗಿಸಿದೆ. ಗೆರೆ ಹೋಯಿತು, ಆದರೆ ಅಂಚಿನಲ್ಲಿದ್ದ ಫೋನ್ ನಂಬರ್ ಅರ್ಧ ಕತ್ತರಿಸಿ ಹೋಯಿತು. ಪುಟವನ್ನೇ 154 × 216 ಮಿ.ಮೀ. ಮಾಡಿದರೆ ಎಲ್ಲಿ ಕತ್ತರಿಸಬೇಕು ಅಂತ ಪ್ರೆಸ್‌ನವರಿಗೆ ತಿಳಿಯಲಿಲ್ಲ. ಡಾಕ್ಯುಮೆಂಟ್ ಸೆಟಪ್‌ನಲ್ಲಿ ಬ್ಲೀಡ್ (ಕತ್ತರಿಸುವ ಗೆರೆಯಾಚೆ ಬಣ್ಣಕ್ಕೆ ಬಿಡುವ ಹೆಚ್ಚುವರಿ ಜಾಗ) ಕೊಟ್ಟರೂ ಪಿಡಿಎಫ್ 148 × 210 ಆಗಿಯೇ ಬಂತು.

ಕೊನೆಗೆ ಸರಿಹೋದ ಕ್ರಮ ಇದು. ಪುಟ 148 × 210 ಇರಲಿ. ಬ್ಲೀಡ್ ನಾಲ್ಕೂ ಕಡೆ 3 ಮಿ.ಮೀ. ಬಣ್ಣದ ಚೌಕದ ಎಕ್ಸ್, ವೈ ಎರಡೂ ಮೈನಸ್ 3, ಎಡ ಮೇಲಿನ ಮೂಲೆಯಿಂದ ಲೆಕ್ಕ. ಅಗಲ 154, ಎತ್ತರ 216. ಅಂಚಿಗೆ ತಾಗುವ ಚಿತ್ರಗಳನ್ನೂ ಹೀಗೇ ಹೊರಗೆ ಎಳೆಯಬೇಕು; ಸುಮ್ನೆ ಬ್ಲೀಡ್ ಅಂಕಿ ಕೊಟ್ಟರೆ ಬಣ್ಣ ತಾನಾಗಿ ಹಬ್ಬುವುದಿಲ್ಲ. ಅಕ್ಷರ ಅಂಚಿನಿಂದ 5 ಮಿ.ಮೀ. ಒಳಗಿರಲಿ.

ಪಿಡಿಎಫ್ ಮಾಡುವಾಗ ಪ್ರೀ-ಪ್ರೆಸ್ ಟ್ಯಾಬ್‌ನಲ್ಲಿ 'ಯೂಸ್ ಡಾಕ್ಯುಮೆಂಟ್ ಬ್ಲೀಡ್ಸ್'ಗೆ ಟಿಕ್ ಹಾಕಿ. ನಾನು ಬಿಟ್ಟಿದ್ದು ಇದನ್ನೇ. ಮೊದಲು ಕ್ರಾಪ್ ಮಾರ್ಕ್ಸ್ (ಎಲ್ಲಿ ಕತ್ತರಿಸಬೇಕು ಅಂತ ತೋರಿಸುವ ಗುರುತು) ಇಲ್ಲದೆ ಒಂದು ಪಿಡಿಎಫ್ ತೆಗೆದು ಪ್ರಾಪರ್ಟೀಸ್ ನೋಡಿ. 154 × 216 ಅಂತ ಬಂದರೆ ಸರಿ. ಆಮೇಲೆ ಮಾರ್ಕ್ಸ್‌ಗೂ ಟಿಕ್ ಹಾಕಿ ಪ್ರೆಸ್‌ಗೆ ಕಳಿಸಿ.