ರಾತ್ರಿ ಊಟಕ್ಕೆ ಖಾರದ ಸಲಾಡ್: ನಾನು ಮಾಡುವ ಬಗೆ

ರಾತ್ರಿ ಊಟಕ್ಕೆ ಬರೀ ಸಲಾಡ್ ಅಂದರೆ ಮೂಗು ಮುರಿಯುವವರೇ ಹೆಚ್ಚು. ತಪ್ಪು ತರಕಾರಿಯದ್ದಲ್ಲ, ನೀರಿನದ್ದು. ಕಲಸಿ ಸ್ವಲ್ಪ ಹೊತ್ತು ಬಿಟ್ಟರೆ ತರಕಾರಿ ನೀರು ಬಿಟ್ಟು, ಉಪ್ಪು ಹುಳಿ ಖಾರವೆಲ್ಲ ಬಟ್ಟಲಿನ ತಳ ಸೇರುತ್ತದೆ. ಬಾಯಿಗೆ ಸಿಗುವುದು ಸಪ್ಪೆ ಹೋಳು. ಹಾಗಾಗಿ ಚೀನೀ, ಥಾಯ್ ಅಡುಗೆಯ ಧಾಟಿಯ ಈ ಸಲಾಡ್ ಮಾಡುವಾಗ ನನ್ನ ಮೊದಲ ಕೆಲಸವೇ ನೀರು ತೆಗೆಯುವುದು.

ಸೌತೆಕಾಯಿಯಲ್ಲಿ ನೂರಕ್ಕೆ 95 ಪಾಲು ನೀರೇ. ಅದನ್ನು ನಾನು ಹೆಚ್ಚುವುದಿಲ್ಲ, ಜಜ್ಜುತ್ತೇನೆ. ಚೀನೀ ಅಡುಗೆಮನೆಯ ಉಪಾಯ ಇದು: ಅಗಲ ಚಾಕುವನ್ನು ಕಾಯಿಯ ಮೇಲೆ ಅಡ್ಡ ಮಲಗಿಸಿ ಅಂಗೈಯಿಂದ ಒಂದು ಪೆಟ್ಟು ಕೊಟ್ಟರೆ ಸಾಕು, ಉದ್ದಕ್ಕೂ ಸೀಳುತ್ತದೆ. ಸೀಳಿದ ಮೈ ತರಿತರಿಯಾಗಿರುವುದರಿಂದ ಮಸಾಲೆ ಅಲ್ಲಿ ಹಿಡಿದುಕೊಳ್ಳುತ್ತದೆ. ನುಣ್ಣನೆಯ ಬಿಲ್ಲೆಯ ಮೇಲಾದರೆ ಜಾರಿಹೋಗುತ್ತದೆ. ಎರಡು ಕಾಯಿಗೆ ಅರ್ಧ ಚಮಚ ಉಪ್ಪು ಬೆರೆಸಿ ಜರಡಿಯಲ್ಲಿ 20 ನಿಮಿಷ ಬಿಡುತ್ತೇನೆ. ತೆಳ್ಳಗೆ ಹೆಚ್ಚಿದ ಎಲೆಕೋಸಿಗೂ ಚಿಟಿಕೆ ಉಪ್ಪು ಹಾಕಿ, ಕೈಯಲ್ಲಿ ಕಿವುಚಿ ಹಿಂಡುತ್ತೇನೆ. ಕ್ಯಾರೆಟ್, ದಪ್ಪ ಮೆಣಸಿನಕಾಯಿಗೆ ಈ ಉಪಚಾರ ಬೇಡ.

ಇನ್ನು ಖಾರ. ಮೆಣಸಿನಕಾಯಿಯ ಖಾರ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ, ಆದ್ದರಿಂದ ಪುಡಿಯನ್ನು ಹಾಗೇ ಉದುರಿಸಿದರೆ ಅಲ್ಲೊಂದು ಇಲ್ಲೊಂದು ತುತ್ತು ಮಾತ್ರ ಉರಿಯುತ್ತದೆ. ಸ್ಟೀಲ್ ಬಟ್ಟಲಿಗೆ ಒಂದು ದೊಡ್ಡ ಚಮಚ ತರಿಯಾದ ಮೆಣಸಿನಪುಡಿ, ಬಿಳಿ ಎಳ್ಳು, ಜಜ್ಜಿದ ಬೆಳ್ಳುಳ್ಳಿ ಹಾಕಿ, ಸಿಕ್ಕಿದರೆ ಚಿಟಿಕೆ ಸಿಚುವಾನ್ ಪೆಪ್ಪರ್ ಸೇರಿಸುತ್ತೇನೆ. (ಹೆಸರಿಗೆ ಪೆಪ್ಪರ್, ಆದರೆ ಕಾಳುಮೆಣಸಿನ ನೆಂಟನಲ್ಲ, ನಿಂಬೆಯ ಕುಟುಂಬದ್ದು. ಉರಿಸುವುದಿಲ್ಲ, ನಾಲಿಗೆ ಜುಮ್ಮೆನ್ನಿಸುತ್ತದೆ.) ಮೂರು ಚಮಚ ಎಣ್ಣೆ ಕಾಯಿಸಿ ಒಂದು ಎಳ್ಳುಕಾಳು ಬಿಟ್ಟು ನೋಡುತ್ತೇನೆ. ಸುತ್ತ ಗುಳ್ಳೆಯೆದ್ದರೆ ಹದ ಸರಿ. ಕಾಳು ತಕ್ಷಣ ಕಪ್ಪಾದರೆ ಒಲೆ ಆರಿಸಿ ಸ್ವಲ್ಪ ಕಾಯಬೇಕು, ಇಲ್ಲವಾದರೆ ಮೆಣಸಿನಪುಡಿ ಸೀದು ಕಹಿಯಾಗುತ್ತದೆ. ಎಣ್ಣೆಯನ್ನು ಎರಡು ಸಲಕ್ಕೆ ಸುರಿಯುತ್ತೇನೆ. ಬುರುಬುರು ನೊರೆ ಎದ್ದು, ಇಳಿಯುವ ಹೊತ್ತಿಗೆ ಎಣ್ಣೆ ಕೆಂಪಗಾಗಿರುತ್ತದೆ.

ಬೇರೊಂದು ಬಟ್ಟಲಲ್ಲಿ ಎರಡು ದೊಡ್ಡ ಚಮಚ ಸೋಯಾ ಸಾಸ್, ಒಂದೂವರೆ ಚಮಚ ಅಕ್ಕಿ ವಿನೆಗರ್, ತುರಿದ ಶುಂಠಿ, ಒಂದು ಚಿಕ್ಕ ಚಮಚ ಸಕ್ಕರೆ. ಸಕ್ಕರೆ ಎಣ್ಣೆಯಲ್ಲಿ ಕರಗದು, ಹಾಗಾಗಿ ಇಲ್ಲೇ ಕರಗಿಸಿ ಆಮೇಲೆ ಖಾರದೆಣ್ಣೆ ಬೆರೆಸುವುದು. ವಿನೆಗರ್ ಬದಲು ನಿಂಬೆರಸ ಹಿಂಡಿದರೆ ರುಚಿ ಥಾಯ್ ಕಡೆಗೆ ವಾಲುತ್ತದೆ; ನನಗೆ ಅದೇ ಹೆಚ್ಚು ಇಷ್ಟ. ಹುರಿದ ಎಳ್ಳಿನಿಂದ ತೆಗೆದ ಎಣ್ಣೆ ಇದ್ದರೆ ಅರ್ಧ ಚಮಚ, ಕೊನೆಯಲ್ಲಿ. ಕಾಯಿಸಿದರೆ ಅದರ ಘಮ ಹಾರಿಹೋಗುತ್ತದೆ. ಬೇರೆ ಉಪ್ಪು ಹಾಕುವುದಿಲ್ಲ. ಜೇನುತುಪ್ಪ ಸುರಿದು ಸಿಹಿ ಮಾಡುವವರಿದ್ದಾರೆ, ನನಗಂತೂ ಸೇರದು.

ಹೊಟ್ಟೆ ತುಂಬಬೇಕಲ್ಲ, ಅದಕ್ಕೆ ತೋಫು, ಅಂದರೆ ಸೋಯಾ ಹಾಲಿನ ಪನೀರ್. ಬಟ್ಟೆಯಲ್ಲಿ ಸುತ್ತಿ ಮೇಲೊಂದು ಭಾರವಿಟ್ಟು ನೀರಿಳಿಸಿ, ಅಂಚು ಗರಿಯಾಗುವಂತೆ ಹುರಿಯುತ್ತೇನೆ. ತುಂಬಾ ಹಸಿವಿದ್ದ ದಿನ ಬೇಯಿಸಿ ಆರಿಸಿದ ಅಕ್ಕಿ ನೂಡಲ್ಸ್ ಕೂಡ. ಎಲ್ಲವನ್ನೂ ಕಲಸುವುದು ತಟ್ಟೆ ಹಾಕಿದ ಮೇಲೆಯೇ. ಪುದೀನ, ಕೊತ್ತಂಬರಿಯನ್ನು ಕೈಯಲ್ಲೇ ಮುರಿದು ಹಾಕಿ, ಹುರಿದು ತರಿ ಮಾಡಿದ ಕಡಲೇಕಾಯಿ ಬೀಜವನ್ನು ಕಟ್ಟಕಡೆಗೆ ಉದುರಿಸುತ್ತೇನೆ. ಮುಂಚೆಯೇ ಹಾಕಿದರೆ ಮೆತ್ತಗಾಗುತ್ತದೆ.

ಖಾರದೆಣ್ಣೆ ಮಿಕ್ಕರೆ ಹೊರಗಿಡುವುದಿಲ್ಲ. ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿಯಲ್ಲಿ ಅಪಾಯಕಾರಿ ಬ್ಯಾಕ್ಟೀರಿಯಾ ಬೆಳೆಯಬಹುದು. ತಕ್ಷಣ ಫ್ರಿಜ್ಜಿನಲ್ಲಿಟ್ಟು, ಎರಡು ಮೂರು ದಿನದೊಳಗೆ ನೂಡಲ್ಸ್‌ಗೋ ಬೇಯಿಸಿದ ಮೊಟ್ಟೆಗೋ ಹಾಕಿ ಮುಗಿಸುತ್ತೇನೆ.