ಟಿಬೆಟಿನ ಕೈದಿಯೊಬ್ಬರ ಪರವಾಗಿ ಅರ್ಜಿ ಬರೆಯುವುದು ಹೇಗೆ

ಪಿರಿಯಾಪಟ್ಟಣದ ತಾಲ್ಲೂಕು ಕಚೇರಿ ಮುಂದೆ ಕೂತು ಅರ್ಜಿ ಬರೆಯುವುದು ನನ್ನ ಕೆಲಸ. ಪಹಣಿ ತಿದ್ದುಪಡಿ, ಪೌತಿ ಖಾತೆ, ವಿಧವಾ ವೇತನ, ಇಂಥವೇ ಜಾಸ್ತಿ. ಟಿಬೆಟನ್ ನಿರಾಶ್ರಿತರ ಬೈಲಕುಪ್ಪೆ ಕ್ಯಾಂಪು ನಮ್ಮ ತಾಲ್ಲೂಕಿಗೇ ಸೇರಿದ್ದು. ಅಲ್ಲಿಯವರ ಒಡನಾಟದಿಂದ ಟಿಬೆಟಿನ ಜೈಲುಗಳಲ್ಲಿ ಇರುವವರ ಪರವಾಗಿಯೂ ಪತ್ರ ಬರೆಯುವ ಅಭ್ಯಾಸ ಬಂತು. ಈಚೆಗೆ ಕಾಲೇಜು ಹುಡುಗರು "ಸಾರ್, ನಾವೂ ಬರೀತೀವಿ, ಹೇಗೆ ಅಂತ ಹೇಳಿ" ಅನ್ನುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಒಬ್ಬರನ್ನು ಆರಿಸಿಕೊಳ್ಳಿ. ಒಬ್ಬರೇ ಸಾಕು. "ಟಿಬೆಟಿಗೆ ನ್ಯಾಯ ಕೊಡಿ" ಎಂದು ಬರೆದರೆ ಅದಕ್ಕೆ ಉತ್ತರ ಕೊಡಬೇಕಾದ ಅಧಿಕಾರಿ ಯಾರೂ ಇಲ್ಲ. "ಇಂಥವರು ಯಾವ ಜೈಲಿನಲ್ಲಿದ್ದಾರೆ?" ಎಂದು ಕೇಳಿದರೆ ಒಬ್ಬ ಇದ್ದಾನೆ.

ಆಮೇಲೆ ಆ ವ್ಯಕ್ತಿ ಯಾರು ಎನ್ನುವುದನ್ನು ಗಟ್ಟಿ ಮಾಡಿಕೊಳ್ಳಿ. ಇಲ್ಲಿ ಅವಸರ ಬೇಡ. ಟಿಬೆಟನ್ನರಲ್ಲಿ ಮನೆತನದ ಹೆಸರು ಬಳಸುವುದು ಕಡಿಮೆ. ತಾಶಿ, ತೆಂಜಿನ್, ಲೋಬ್ಸಾಂಗ್ ಎನ್ನುವವರು ಸಾವಿರಾರು. ಸರ್ವೆ ನಂಬರ್ ಇಲ್ಲದ ಜಮೀನಿನ ಅರ್ಜಿಯಂತೆ, ಬರೀ ಹೆಸರಿನ ಪತ್ರ ಎಲ್ಲಿಗೂ ಹೋಗುವುದಿಲ್ಲ. ಹುಟ್ಟಿದ ವರ್ಷ, ಊರು, ಮಠ ಅಥವಾ ಕಸುಬು, ಹಿಡಿದ ದಿನ, ಇವಿಷ್ಟೂ ಬೇಕು. ಊರಿನ ಚೀನೀ ಹೆಸರೂ ಬೇಕು. ಟಿಬೆಟನ್ನರ ಕ್ಯೆಗುಡೊ ಚೀನಾದ ಕಾಗದದಲ್ಲಿ ಯುಶು ಆಗಿರುತ್ತದೆ, ಙಾಬಾ ಅಲ್ಲಿ ಆಬಾ. ಧರ್ಮಶಾಲಾದಲ್ಲಿರುವ ಟಿಬೆಟನ್ ಮಾನವ ಹಕ್ಕು ಮತ್ತು ಪ್ರಜಾಪ್ರಭುತ್ವ ಕೇಂದ್ರ ರಾಜಕೀಯ ಕೈದಿಗಳ ಪಟ್ಟಿ ಇಟ್ಟಿದೆ. ಅಮೆರಿಕದ ಸಂಸತ್ತಿನ ಚೀನಾ ಆಯೋಗದ ಪಟ್ಟಿಯೂ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಎರಡನ್ನೂ ಹೋಲಿಸಿ ನೋಡಿ. ವಾಟ್ಸಾಪಿನಲ್ಲಿ ಬಂದ ಫೋಟೋ ನಂಬಿ ಬರೆಯಲು ಕೂರಬೇಡಿ.

ಮೂರನೆಯದು, ಅವರದೇ ಕಾನೂನು ಹಿಡಿದು ಮಾತಾಡುವುದು. ತಾಶಿ ವಾಂಗ್ಚುಕ್ ಅವರ ಪ್ರಕರಣ ನೋಡಿ. ಯುಶುವಿನ ಅಂಗಡಿಕಾರ. ಶಾಲೆಗಳಲ್ಲಿ ಟಿಬೆಟನ್ ಭಾಷೆ ಕಲಿಸಿ ಎಂದು ಕೇಳಿದ್ದು, ಅಮೆರಿಕದ ಪತ್ರಿಕೆಯೊಂದರ ವಿಡಿಯೋದಲ್ಲಿ ಅದನ್ನೇ ಹೇಳಿದ್ದು, ಇಷ್ಟೇ. 2016ರ ಜನವರಿಯಲ್ಲಿ ಹಿಡಿದರು. 2018ರಲ್ಲಿ 'ಪ್ರತ್ಯೇಕತೆಗೆ ಪ್ರಚೋದನೆ' ಎಂದು 5 ವರ್ಷ ಶಿಕ್ಷೆ ಕೊಟ್ಟರು. ಆದರೆ ಚೀನಾ ಸಂವಿಧಾನದ 4ನೇ ವಿಧಿ ಎಲ್ಲ ಜನಾಂಗಗಳಿಗೂ ತಮ್ಮ ಭಾಷೆ, ಲಿಪಿಯನ್ನು ಬಳಸುವ, ಬೆಳೆಸುವ ಸ್ವಾತಂತ್ರ್ಯ ಇದೆ ಎನ್ನುತ್ತದೆ. ಇಂಥ ಪತ್ರದಲ್ಲಿ ಆ 4ನೇ ವಿಧಿಯನ್ನು ಬರೆಯಿರಿ, ನಿಮ್ಮ ಸಿಟ್ಟನ್ನು ಬರೆಯಬೇಡಿ. ಕೈದಿಗೆ ಕಾಯಿಲೆಯಾಗಿದ್ದರೆ, ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರುದ್ಧದ ಒಪ್ಪಂದವನ್ನು ಚೀನಾ 1988ರಲ್ಲೇ ಒಪ್ಪಿಕೊಂಡಿದೆ ಎನ್ನುವುದನ್ನು ನೆನಪಿಸಿ, ಚಿಕಿತ್ಸೆ ಕೇಳಿ. ಸ್ವಾತಂತ್ರ್ಯದ ಘೋಷಣೆಗಳು, ಟಿಬೆಟನ್ನರು 1959ರ ದಂಗೆಯನ್ನು ನೆನೆಯುವ ಮಾರ್ಚ್ 10ರ ಮೆರವಣಿಗೆಗೆ ಇರಲಿ. ಪತ್ರದಲ್ಲಿ ಅವನ್ನು ಬರೆದರೆ ಕೈದಿಯ ಮೇಲಿನ ಆರೋಪಕ್ಕೆ ನೀವೇ ಸಾಕ್ಷಿ ಒದಗಿಸಿದ ಹಾಗೆ ಆಗುತ್ತದೆ.

ಬೇಡಿಕೆ ಒಂದೇ ಇರಲಿ. ನಾನು ಕಳಿಸುವ ಒಂದು ಪತ್ರದ ಕನ್ನಡ ರೂಪ ಇದು:

"ಮಾನ್ಯ ರಾಯಭಾರಿಗಳೇ, ಗೆಧುನ್ ಚೋಕಿ ನೀಮಾ ಎಂಬುವವರು 1989ರ ಏಪ್ರಿಲ್ 25ರಂದು ಹುಟ್ಟಿದವರು. 1995ರ ಮೇ 17ರಿಂದ ಇವರನ್ನಾಗಲಿ ಇವರ ತಂದೆತಾಯಿಯನ್ನಾಗಲಿ ಹೊರಗಿನವರು ಕಂಡಿಲ್ಲ. ಇವರು ಕಾಲೇಜು ಮುಗಿಸಿ ಕೆಲಸದಲ್ಲಿದ್ದಾರೆ ಎಂದು ತಮ್ಮ ವಿದೇಶಾಂಗ ಇಲಾಖೆ 2020ರ ಮೇ ತಿಂಗಳಲ್ಲಿ ತಿಳಿಸಿದೆ. ವಿಶ್ವಸಂಸ್ಥೆಯ ಪ್ರತಿನಿಧಿಯೊಬ್ಬರು ಇವರನ್ನು ಖುದ್ದಾಗಿ ಭೇಟಿಯಾಗಲು ಅವಕಾಶ ಕೊಡಬೇಕೆಂದು ಕೋರುತ್ತೇನೆ."

ಇದರಲ್ಲಿ ಪಂಚೆನ್ ಲಾಮಾ (ಟಿಬೆಟನ್ ಬೌದ್ಧರಲ್ಲಿ ದಲೈ ಲಾಮಾ ನಂತರದ ದೊಡ್ಡ ಗುರುಪೀಠ) ಎನ್ನುವ ಪದ ಎಲ್ಲೂ ಇಲ್ಲ, ಗಮನಿಸಿದಿರಾ? ಗೆಧುನ್ ಅವರೇ ಪಂಚೆನ್ ಲಾಮಾ ಎಂದು ದಲೈ ಲಾಮಾ ಘೋಷಿಸಿದ ಮೂರೇ ದಿನಕ್ಕೆ ಆರು ವರ್ಷದ ಆ ಹುಡುಗನನ್ನು ಚೀನಾದವರು ಕರೆದೊಯ್ದರು. ಅದೇ ವರ್ಷ ಚೀನಾ ಬೇರೊಬ್ಬ ಹುಡುಗನನ್ನು ಆ ಪೀಠಕ್ಕೆ ತಂದಿತು. ಪೀಠದ ಹೆಸರೆತ್ತಿದರೆ ಪತ್ರ ಆ ಜಗಳದಲ್ಲಿ ಸಿಕ್ಕಿಕೊಳ್ಳುತ್ತದೆ. ಪಂಚೆನ್ ಲಾಮಾರ ಮಠವಾದ ತಾಶಿ ಲುನ್ಪೊ ಈಗ ಬೈಲಕುಪ್ಪೆಯಲ್ಲೂ ಇದೆ. ಅಲ್ಲಿಯ ಹಿರಿಯರಿಗೆ ನನ್ನ ಈ ಲೆಕ್ಕಾಚಾರ ಅಷ್ಟು ಹಿಡಿಸುವುದಿಲ್ಲ, ಬೇಜಾರೂ ಮಾಡಿಕೊಳ್ಳುತ್ತಾರೆ. ಆದರೂ ನಾನು ಹೀಗೇ ಬರೆಯುತ್ತೇನೆ. ಕಾಣೆಯಾದ ಒಬ್ಬ ಮನುಷ್ಯ ಎಲ್ಲಿ ಎಂದು ಕೇಳುವುದಕ್ಕೆ ಯಾವ ಧರ್ಮಶಾಸ್ತ್ರವೂ ಬೇಕಿಲ್ಲ.

ಪತ್ರ ಒಂದು ಪುಟ ದಾಟದಿರಲಿ. ಚೀನಾ ರಾಯಭಾರ ಕಚೇರಿ ನವದೆಹಲಿಯ ಚಾಣಕ್ಯಪುರಿಯಲ್ಲಿ, ಶಾಂತಿಪಥದಲ್ಲಿದೆ. ಅಲ್ಲಿಗೆ ಸರಳ ಇಂಗ್ಲಿಷಿನಲ್ಲಿ ಬರೆದು ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ನಕಲನ್ನು ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಕಾರ್ಯಗುಂಪಿಗೆ ಕಳಿಸಿ. ಕಾಣೆಯಾದವರಿಗೆ ಒಂದು ಗುಂಪು, ಅಕ್ರಮ ಬಂಧನಕ್ಕೆ ಇನ್ನೊಂದು. ನಿಮ್ಮ ಸಂಸದರಿಗೆ ಕನ್ನಡದಲ್ಲೇ ಬರೆಯಿರಿ. ಟಿಬೆಟ್ ವಿಷಯಕ್ಕೆಂದೇ ಸಂಸದರ ಸರ್ವಪಕ್ಷ ವೇದಿಕೆ ಇದೆ, ಅಲ್ಲಿ ಎತ್ತಿ ಎಂದು ಕೇಳಿ.

ಕೈದಿಯ ಮನೆಯವರನ್ನು ಮಾತ್ರ ಹುಡುಕಿಕೊಂಡು ಹೋಗಬೇಡಿ. ಫೋನ್ ಬೇಡ, ವೀಚಾಟ್ ಬೇಡ, ಸಮಾಧಾನದ ಒಂದು ಮೆಸೇಜೂ ಬೇಡ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಟಿಂಗ್ರಿಯ ತೆಂಗ್ಡ್ರೋ ಮಠದ ಭಿಕ್ಷು ಚೋಗ್ಯಲ್ ವಾಂಗ್ಪೊ 2019ರಲ್ಲಿ ಲ್ಹಾಸಾದ ಕೆಫೆಯೊಂದರಲ್ಲಿ ಫೋನ್ ಬಿಟ್ಟು ಬಂದರು. ಪೊಲೀಸರಿಗೆ ಅದರಲ್ಲಿ ಸಿಕ್ಕಿದ್ದು ನೇಪಾಳದಲ್ಲಿರುವ ಟಿಬೆಟನ್ನರ ಜೊತೆಗಿನ ಮಾತುಕತೆ, 2015ರ ಭೂಕಂಪಕ್ಕೆ ಅಲ್ಲಿಗೆ ಕಳಿಸಿದ ಹಣದ ವಿಷಯ. 20 ವರ್ಷ ಶಿಕ್ಷೆಯಾಯಿತು. ಅದೇ ಮಠದ ಇನ್ನಿಬ್ಬರಿಗೆ 19 ಮತ್ತು 17 ವರ್ಷ. ಕ್ಯಾಂಪಿನ ಯಾರಾದರೂ ಸುದ್ದಿ ಕೊಟ್ಟಿದ್ದರೆ ಅವರ ಹೆಸರೂ ಪತ್ರದಲ್ಲಿ ಬರಬಾರದು. ಅವರ ಅಣ್ಣತಮ್ಮಂದಿರು ಆಚೆ ಇರುತ್ತಾರೆ, ಅಲ್ವಾ.

"ಇದರಿಂದ ಏನಾದರೂ ಆಗುತ್ತಾ ಸಾರ್?" ಎನ್ನುವ ಪ್ರಶ್ನೆ ಬಂದೇ ಬರುತ್ತದೆ. ಡ್ರಾಪ್ಚಿ ಜೈಲಿನಲ್ಲಿ ಹಾಡು ಹಾಡಿ, ಟೇಪಿನಲ್ಲಿ ಹೊರಗೆ ಕಳಿಸಿದ್ದಕ್ಕೆ ಹೆಚ್ಚು ಶಿಕ್ಷೆ ಪಡೆದ ಭಿಕ್ಷುಣಿ ಙವಾಂಗ್ ಸಾಂಗ್ಡ್ರೋಲ್ 2002ರಲ್ಲಿ ಅವಧಿಗೆ ಮುಂಚೆಯೇ ಹೊರಬಂದರು. ಹೊರದೇಶಗಳ ಒತ್ತಾಯ ಅದರ ಹಿಂದಿತ್ತು. ಟಿಬೆಟಿನ ಧರ್ಮಗುರು ತೆಂಜಿನ್ ದೆಲೆಕ್ ರಿನ್ಪೋಚೆ ಅವರಿಗಾಗಿಯೂ ಜನ ಬರೆದರು. ಮರಣದಂಡನೆ ಜೀವಾವಧಿಗೆ ಇಳಿಯಿತು, ಆದರೆ 2015ರ ಜುಲೈನಲ್ಲಿ ಅವರು ಜೈಲಿನಲ್ಲೇ ತೀರಿಕೊಂಡರು. ಎರಡನ್ನೂ ಹೇಳಿಯೇ ನಾನು ಹುಡುಗರ ಕೈಗೆ ಪೆನ್ನು ಕೊಡುವುದು.

ಉತ್ತರ ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಮೂರು ತಿಂಗಳಾದ ಮೇಲೆ ಹಿಂದಿನ ಪತ್ರದ ತಾರೀಕು, ರಸೀದಿ ನಂಬರ್ ಮೇಲೆ ಬರೆದು ಅದನ್ನೇ ಮತ್ತೆ ಕಳಿಸಿ. ಬಿಡುಗಡೆಯಾಯಿತೆಂದು ಫೈಲು ಮುಚ್ಚಬೇಡಿ. ತಾಶಿ ವಾಂಗ್ಚುಕ್ 2021ರಲ್ಲಿ ಹೊರಬಂದ ಮೇಲೂ ಪೊಲೀಸರ ಕಣ್ಣು ಅವರ ಮೇಲಿತ್ತು. ಆಗ ಬೇಡಿಕೆಯ ಸಾಲು ಬದಲಿಸಿ: ಓಡಾಡಲು ಬಿಡಿ, ಮಾತಾಡಲು ಬಿಡಿ.