ಅಗ್ಗದ ಶೇವಿಂಗ್ ಬ್ರಶ್ಶು: ಆರಿಸುವುದು ಹೇಗೆ, ಮಳೆಗಾಲದಲ್ಲಿ ಉಳಿಸುವುದು ಹೇಗೆ

ಜೂನ್ ಹಿಡಿದ ಮೇಲೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಮನೆಯೊಳಗೆ ಹಾಕಿದ ಒಂದು ಪಂಚೆ ಒಣಗ್ಲಿಕ್ಕೆ ಎರಡು ದಿನ ಬೇಕು, ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಪುಸ್ತಕದ ರಟ್ಟಿಗೂ ಬೂಷ್ಟು. ಅಂಥದ್ದರಲ್ಲಿ ದಿನಾ ಬೆಳಿಗ್ಗೆ ನೀರಲ್ಲಿ ಅದ್ದಿ ಸಾಬೂನು ತಿಕ್ಕುವ ಒಂದು ಹಿಡಿ ಕೂದಲು ಎಷ್ಟು ದಿನ ಬಾಳಬೇಕು ಹೇಳಿ. ನನ್ನ ಮೊದಲಿನ ಮೂರು ಬ್ರಶ್ಶು ಒಂದೊಂದು ಮಳೆಗಾಲಕ್ಕೆ ಒಂದೊಂದರ ಹಾಗೆ ಹೋಯಿತು, ಅಗ್ಗದ್ದಲ್ವಾ ಅಂತ ಬಿಸಾಡಿದೆ. ಆಮೇಲೆ ತಗೊಂಡದ್ದೂ ಅಷ್ಟೇ ಅಗ್ಗದ್ದು, ಅದು ಈಗ ಆರನೇ ವರ್ಷ ಓಡ್ತಾ ಉಂಟು. ಬೆಲೆಯಲ್ಲಿ ವ್ಯತ್ಯಾಸ ಇರಲಿಲ್ಲ, ಒಣಗಿಸುವುದರಲ್ಲಿ ಇತ್ತು. ಹಾಗಾಗಿ ಈ ಲೇಖನದಲ್ಲಿ ಒಣಗಿಸುವ ಸಂಗತಿಗೇ ಹೆಚ್ಚು ಜಾಗ ಕೊಡ್ತೇನೆ.

ಬ್ರಶ್ಶು ಯಾಕೆ ಬೇಕು, ಕೈಯಲ್ಲೇ ಕ್ರೀಮ್ ಹಚ್ಚಿದರೆ ಆಗುವುದಿಲ್ವಾ ಅಂತ ಕೇಳುವವರು ಇದ್ದಾರೆ. ಆಗ್ತದೆ, ಆದ್ರೆ ಗಡ್ಡದ ಕೂದಲು ನೀರು ಹೀರಿ ಮೆದುವಾಗ್ಲಿಕ್ಕೆ ಎರಡು ಮೂರು ನಿಮಿಷ ಬೇಕು, ಬ್ರಶ್ಶಲ್ಲಿ ತಿರುಗಿಸ್ತಾ ಇದ್ರೆ ಆ ಹೊತ್ತು ತನ್ನಷ್ಟಕ್ಕೇ ಸಿಗ್ತದೆ, ಮಲಗಿದ ಕೂದಲು ಎದ್ದು ನಿಲ್ತದೆ, ಬುಡದವರೆಗೆ ನೊರೆ ಇಳೀತದೆ. ಕ್ರೀಮೂ ಉಳೀತದೆ, ಕೈಯಲ್ಲಿ ಹಚ್ಚುವಾಗ ಬೇಕಾದದ್ದರ ಅರ್ಧ ಸಾಕು.

ಮೂರು ನಮೂನೆಯ ಕೂದಲು

ಒಂದು ಹಂದಿ ಕೂದಲು. ಪೆಟ್ಟಿಗೆ ಮೇಲೆ ಹಂದಿ ಅಂತ ಬರೆದಿರುವುದಿಲ್ಲ, ‘ಪ್ಯೂರ್ ಬ್ರಿಸಲ್’ ಅಂತ ಇರ್ತದೆ, ಆ ಮಾತಿಗೆ ಬ್ರಶ್ಶಿನ ವ್ಯಾಪಾರದಲ್ಲಿ ಅರ್ಥ ಅದೇ. ಇದನ್ನು ಬಿಡಿಸಿ ಹೇಳ್ಲಿಕ್ಕೆ ಕಾರಣ ಉಂಟು. ನಮ್ಮ ಪಕ್ಕದ ಮನೆಯ ಹಾಜಿಯವರು ಎಷ್ಟೋ ವರ್ಷ ಅಂಥದ್ದನ್ನೇ ಬಳಸಿ ಆಮೇಲೆ ಗೊತ್ತಾಗಿ ತುಂಬಾ ಬೇಜಾರು ಮಾಡಿಕೊಂಡರು, “ಪೆಟ್ಟಿಗೆಯಲ್ಲಿ ಸರಿ ಬರೀಬಾರ್ದಾ ಮಾರಾಯ್ರೇ” ಅಂತ ಕೇಳಿದ್ರು, ಅವರು ಕೇಳಿದ್ದು ಸರಿಯೇ. ಮುಟ್ಟಬಾರದು ಅಂತ ಇರುವವರು ಅಂಗಡಿಯಲ್ಲೇ ಕೇಳಿ ಖಚಿತ ಮಾಡ್ಕೊಳ್ಳಿ.

ಎರಡನೇದು ಬ್ಯಾಜರ್ ಅಂತ ಮಣ್ಣು ತೋಡಿ ಬಿಲದಲ್ಲಿರುವ ಒಂದು ಪ್ರಾಣಿಯ ಕೂದಲು, ಹೆಚ್ಚಾಗಿ ಚೀನಾದಿಂದ ಬರುವುದು, ದುಬಾರಿ. ಅಗ್ಗಕ್ಕೆ ಬ್ಯಾಜರ್ ಅಂತ ಕೊಟ್ಟರೆ ಅದು ಬಣ್ಣ ಹಾಕಿದ ಹಂದಿ ಕೂದಲೋ ನೈಲಾನೋ ಇರುವ ಸಾಧ್ಯತೆಯೇ ಜಾಸ್ತಿ. ನಮ್ಮ ಬಜೆಟಿಗೆ ಇದು ಬೇಡ, ಬಿಟ್ಟುಬಿಡುವ.

ಮೂರನೇದು ಸಿಂಥೆಟಿಕ್. ಹಳೇ ಕಾಲದ ನೈಲಾನ್ ಬ್ರಶ್ಶು ಗುಡಿಸ್ಲಿಕ್ಕೆ ಇಟ್ಟ ಹಿಡಿಸೂಡಿಯ ಹಾಗೆ ಚುಚ್ಚುತ್ತಿತ್ತು, ಅದನ್ನು ನೆನಪಿಟ್ಟುಕೊಂಡು ಈಗಿನದ್ದನ್ನು ದೂರ ಮಾಡಬೇಡಿ. ಈಗಿನ ಎಳೆ ತುದಿಯಲ್ಲಿ ಸಪೂರ ಆಗ್ತಾ ಹೋಗ್ತದೆ, ಮುಟ್ಟಿದರೆ ಬೆಕ್ಕಿನ ಬಾಲದ ಹಾಗೆ ಮೆದು. ಎಲ್ಲಕ್ಕಿಂತ ಮುಖ್ಯ ಅಂದ್ರೆ ಹಂದಿ ಕೂದಲು ನಮ್ಮ ತಲೆಕೂದಲಿನ ಹಾಗೇ ಒಳಗೆ ನೀರು ಹೀರ್ತದೆ, ಪ್ಲಾಸ್ಟಿಕ್ ಎಳೆ ಹೀರುವುದಿಲ್ಲ, ನೀರು ಎಳೆಗಳ ನಡುವೆ ನಿಲ್ತದೆ ಅಷ್ಟೇ, ಕೊಡವಿದರೆ ಹೋಯಿತು. ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರ್ ದಾಟಿ ಮಳೆ ಬೀಳುವ ಕಾಸರಗೋಡಿನಂಥ ಜಾಗಕ್ಕೆ ನನ್ನನ್ನು ಕೇಳಿದ್ರೆ ಒಂದೇ ಬ್ರಶ್ಶು ತಗೊಳ್ಳುವವರು ಸಿಂಥೆಟಿಕ್ಕೇ ತಗೊಳ್ಳಿ. ಹಂದಿ ಕೂದಲಿನದ್ದು ಕೆಟ್ಟದ್ದು ಅಂತ ಅಲ್ಲ, ಪಳಗಿದ ಮೇಲೆ ಅದು ಕೊಡುವ ನೊರೆ ನನಗೆ ಇನ್ನೂ ಇಷ್ಟ, ಆದ್ರೆ ಅದಕ್ಕೆ ಉಪಚಾರ ಹೆಚ್ಚು.

ಅಂಗಡಿಯಲ್ಲಿ ನಿಂತು ನೋಡಬೇಕಾದ್ದು

ಪೇಟೆಯ ಫ್ಯಾನ್ಸಿ ಅಂಗಡಿಯಲ್ಲಿ ಗಾಜಿನ ಹಿಂದೆ ನೇತು ಹಾಕಿರ್ತಾರೆ, ಕೆಳಗೆ ಇಳಿಸಿ ಕೈಗೆ ಕೊಡ್ಲಿಕ್ಕೆ ಹೇಳಿ, ಕನ್ನಡದಲ್ಲಿ ಕೇಳಿ ಮಲಯಾಳದಲ್ಲಿ ಉತ್ತರ ಬಂದ್ರೂ ತೊಂದ್ರೆ ಇಲ್ಲ, ಕೈಯಲ್ಲಿ ಮುಟ್ಟದೆ ಮಾತ್ರ ತಗೊಳ್ಳಬೇಡಿ. ಮೊದಲು ಕೂದಲನ್ನು ಅಂಗೈಗೆ ಒತ್ತಿ, ಅರಳಬೇಕು, ಬಿಟ್ಟ ಕೂಡ್ಲೇ ವಾಪಸ್ ಸೇರಬೇಕು. ಆಮೇಲೆ ಬೆರಳಲ್ಲಿ ಕೂದಲನ್ನು ಬಿಡಿಸಿ ಬುಡ ನೋಡಿ, ನಡುವಲ್ಲಿ ಖಾಲಿ ಗುಂಡಿ ಕಂಡರೆ ಕೂದಲು ಕಮ್ಮಿ ಹಾಕಿದ್ದಾರೆ ಅಂತ ಲೆಕ್ಕ, ಅಂಥದ್ದು ಗಲ್ಲಕ್ಕೆ ಒತ್ತಿದಾಗ ಕುಸೀತದೆ. ಗಮ್ಮು ಮೇಲೆ ಹತ್ತಿ ಕೂದಲಲ್ಲಿ ಗಟ್ಟಿಯಾಗಿದ್ರೆ ಅದೂ ಬೇಡ. ಒಂದು ಸಲ ಮೆಲ್ಲಗೆ ಎಳೆದು ನೋಡಿ, ಹೊಸದರಲ್ಲಿ ಎರಡು ಮೂರು ಎಳೆ ಬಂದ್ರೆ ಸಹಜ, ಪಿಂಡಿ ಬಂದ್ರೆ ಅಲ್ಲೇ ವಾಪಸ್ ಕೊಡಿ.

ಅಳತೆ ವಿಷಯ. ಕೂದಲಿನ ಕಟ್ಟು ಬುಡದಲ್ಲಿ 20ರಿಂದ 24 ಮಿಲ್ಲಿಮೀಟರ್ ಅಗಲ, ಹಿಡಿಯಿಂದ ಮೇಲೆ 50 ಮಿಲ್ಲಿಮೀಟರ್ ಆಸುಪಾಸು ಎತ್ತರ ಇದ್ದರೆ ದಿನನಿತ್ಯಕ್ಕೆ ಸಾಕು. ತೀರಾ ಸಪೂರದ್ದು ನೊರೆ ಹಿಡಿಯುವುದಿಲ್ಲ, ತೀರಾ ಉದ್ದದ್ದು ಬಳುಕ್ತದೆ. ಹಿಡಿ ಪ್ಲಾಸ್ಟಿಕ್ಕಿನದ್ದೇ ಒಳ್ಳೇದು. ಮರದ ಹಿಡಿ ಚಂದ, ಆದ್ರೆ ನೀರು ಕುಡಿದು ಉಬ್ಬಿ, ಒಣಗಿ ಕುಗ್ಗಿ, ಎರಡು ವರ್ಷದಲ್ಲಿ ಬಿರುಕು ಬಿಡುವುದನ್ನು ನಾನು ಕಂಡಿದ್ದೇನೆ.

ಮನೆಗೆ ತಂದ ಮೇಲೆ ಇದು ಅಸಲಿ ಕೂದಲೋ ಅಲ್ವೋ ಅಂತ ಸಂಶಯ ಬಂದ್ರೆ ಉದುರಿದ ಒಂದು ಎಳೆಯನ್ನು ಇಕ್ಕುಳದಲ್ಲಿ ಹಿಡಿದು ಬೆಂಕಿ ತೋರಿಸಿ. ಪ್ರಾಣಿ ಕೂದಲಾದ್ರೆ ತಲೆಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುವ ಬೂದಿ ಆಗ್ತದೆ, ಸಿಂಥೆಟಿಕ್ ಆದ್ರೆ ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ತದೆ.

ಅಜ್ಜನ ಪೆಟ್ಟಿಗೆಯಲ್ಲೋ ಹಳೇ ಸಾಮಾನಿನ ಅಂಗಡಿಯಲ್ಲೋ ಸಿಕ್ಕಿದ ತುಂಬಾ ಹಳೇ ಕೂದಲಿನ ಬ್ರಶ್ಶನ್ನು ಮಾತ್ರ ಮುಖಕ್ಕೆ ಹಚ್ಚಬೇಡಿ. ಮೊದಲನೇ ಮಹಾಯುದ್ಧದ ಸಮಯದಲ್ಲಿ ಸರಿಯಾಗಿ ಶುದ್ಧ ಮಾಡದ ಕುದುರೆ ಕೂದಲಿನ ಬ್ರಶ್ಶಿನಿಂದ ಇಂಗ್ಲೆಂಡ್, ಅಮೆರಿಕದಲ್ಲಿ ಸೈನಿಕರಿಗೂ ಜನಸಾಮಾನ್ಯರಿಗೂ ಆಂಥ್ರಾಕ್ಸ್ ಅಂತ ಜೀವಕ್ಕೇ ಅಪಾಯ ಇರುವ ರೋಗ ಹಬ್ಬಿತ್ತು, 1915ರಿಂದ 1924ರ ಒಳಗೆ 200ಕ್ಕೂ ಹೆಚ್ಚು ಪ್ರಕರಣ. ಆ ರೋಗಾಣುವಿನ ಬೀಜಕಗಳು ಎಷ್ಟೋ ವರ್ಷ ಬದುಕಿ ಉಳಿಯುವಂಥದ್ದು. ಹಿಡಿ ಬೇಕಾದ್ರೆ ಇಟ್ಕೊಳ್ಳಿ, ಕೂದಲು ಬೇಡ.

ಮೊದಲ ದಿನಗಳು

ಸಿಂಥೆಟಿಕ್‌ಗೆ ಪಳಗಿಸುವ ಕೆಲಸ ಇಲ್ಲ, ಒಂದು ಸಲ ಶಾಂಪೂ ಹಾಕಿ ತೊಳೆದು ಬಳಸ್ಲಿಕ್ಕೆ ಶುರು ಮಾಡಿ.

ಹಂದಿ ಕೂದಲಿನದ್ದಕ್ಕೆ ತಾಳ್ಮೆ ಬೇಕು. ಹೊಸದರಲ್ಲಿ ನಾತ ಉಂಟು, ಚುಚ್ಚುತ್ತದೆ, ನೊರೆಯನ್ನೆಲ್ಲ ತಾನೇ ನುಂಗ್ತದೆ. ಎರಡು ಮೂರು ಸಲ ಶಾಂಪೂ ಹಾಕಿ ತೊಳೀರಿ, ಆಮೇಲೆ ಗಡ್ಡ ತೆಗೆಯದ ದಿನವೂ ಸುಮ್ಮನೆ ಅಂಗೈಯಲ್ಲಿ ನೊರೆ ಎಬ್ಬಿಸಿ ತೊಳೆದು ಒಣಗಿಸಿ. ಹೀಗೆ ಒದ್ದೆ ಆಗಿ ಒಣಗಿ, ಒದ್ದೆ ಆಗಿ ಒಣಗಿ, ಕೂದಲಿನ ತುದಿ ಎರಡಾಗಿ ಮೂರಾಗಿ ಸೀಳ್ತದೆ, ಆ ಸೀಳಿದ ತುದಿಯೇ ಮೆದು. ಮೂರು ನಾಲ್ಕು ವಾರ ಹಿಡೀತದೆ. ಹೆಚ್ಚಿನವರು ಮೊದಲ ವಾರದಲ್ಲೇ ಇದು ಉರಿ ಅಂತ ಹೇಳಿ ಮೂಲೆಗೆ ಹಾಕ್ತಾರೆ, ನನಗೆ ಅದು ನೋಡಿದ್ರೆ ಸಂಕಟ ಆಗ್ತದೆ, ಇನ್ನು ಎರಡು ವಾರ ಕಾದಿದ್ರೆ ಅದೇ ಬ್ರಶ್ಶು ಕೈಬಿಡ್ಲಿಕ್ಕೆ ಮನಸ್ಸು ಬರ್ತಿರಲಿಲ್ಲ.

ದಿನಾ ಬಳಸುವ ಕ್ರಮ

ಹಂದಿ ಕೂದಲಾದ್ರೆ ಸ್ನಾನಕ್ಕೆ ಹೋಗುವ ಮೊದಲು ಒಂದು ಲೋಟ ಬೆಚ್ಚಗಿನ ನೀರಲ್ಲಿ ಕೂದಲು ಮಾತ್ರ ಮುಳುಗುವ ಹಾಗೆ ಇಡಿ, ನಾಲ್ಕೈದು ನಿಮಿಷ ಸಾಕು. ಹಿಡಿ ಮುಳುಗಬಾರದು, ಗಮ್ಮು ಇರುವ ಜಾಗಕ್ಕೆ ನೀರು ಕೂರಬಾರದು. ಹಂಡೆಯಿಂದ ಆಗಷ್ಟೇ ತೆಗೆದ ಕುದಿ ನೀರಂತೂ ಬೇಡವೇ ಬೇಡ, ಗಮ್ಮು ಸಡಿಲ ಆಗ್ತದೆ, ಕೂದಲು ಬೆಂದ ಹಾಗೆ ಆಗ್ತದೆ, ನಿಮ್ಮ ಕೈ ತಡೆಯುವಷ್ಟು ಬಿಸಿ ಇದ್ದರೆ ಸಾಕು. ಸಿಂಥೆಟಿಕ್‌ಗೆ ನೆನೆಸುವುದು ಬೇಡ, ಅದ್ದಿ ತೆಗೆದು ಒಂದೆರಡು ಸಲ ಕೊಡವಿ.

ಕ್ರೀಮ್ ಅರ್ಧ ಗೇರುಬೀಜದಷ್ಟು. ನೊರೆ ಎಬ್ಬಿಸ್ಲಿಕ್ಕೆ ಬೌಲು ಗೀಲು ಅಂತ ದುಡ್ಡು ಹಾಕಬೇಡಿ, ನಮ್ಮಲ್ಲಿ ತೆಂಗಿನ ಗೆರಟೆಗೆ ಬರ ಇಲ್ಲ. ಕಣ್ಣಿಲ್ಲದ ಬದಿಯ ಅರ್ಧ ಗೆರಟೆಯನ್ನು ಹೊರಗಿನ ನಾರು ಕೆರೆದು, ಅಂಚನ್ನು ಸ್ಯಾಂಡ್‌ಪೇಪರಲ್ಲಿ ಉಜ್ಜಿ ಇಟ್ಕೊಂಡ್ರೆ ಅಂಗೈಗೆ ಸರಿಯಾಗಿ ಕೂರ್ತದೆ, ಒಳಗೆ ಸ್ವಲ್ಪ ತರಿ ಇರುವುದರಿಂದ ನೊರೆಯೂ ಬೇಗ ಏಳ್ತದೆ. ಮೊದಲು ಕಮ್ಮಿ ನೀರು, ಆಮೇಲೆ ಬ್ರಶ್ಶಿನ ತುದಿ ಅದ್ದಿ ಅದ್ದಿ ಹೆಚ್ಚಿಸ್ತಾ ಹೋಗಿ, ಮೊಸರಿನ ಹಾಗೆ ಹೊಳೀಲಿಕ್ಕೆ ಶುರು ಆದಾಗ ನಿಲ್ಲಿಸಿ. ದೊಡ್ಡ ದೊಡ್ಡ ಗುಳ್ಳೆ ಬಂದ್ರೆ ನೀರು ಜಾಸ್ತಿ ಆಯಿತು, ಗಾಳಿ ತುಂಬಿದ ಆ ನೊರೆ ಕೂಡ್ಲೇ ಇಳಿದು ಹೋಗ್ತದೆ.

ನೀರಿನ ಗುಣವೂ ಲೆಕ್ಕಕ್ಕೆ ಬರ್ತದೆ. ಮುರಕಲ್ಲಿನ ಬಾವಿ, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಮೆದು, ಸ್ವಲ್ಪ ಕ್ರೀಮಿಗೇ ರಾಶಿ ನೊರೆ. ಕೊಳವೆಬಾವಿಯ ಗಡಸು ನೀರಾದ್ರೆ ಅದರ ಕ್ಯಾಲ್ಸಿಯಂ ಸಾಬೂನಿನ ಜೊತೆ ಸೇರಿ ಬಿಳಿ ಜಿಡ್ಡು ಆಗಿ ಬ್ರಶ್ಶಿನ ಬುಡದಲ್ಲಿ ಕೂರ್ತದೆ. ಉಪ್ಪು ನೀರಂತೂ ನೊರೆಯೇ ಬರುವುದಿಲ್ಲ, ಬಾವಿಕ್ಕರೆಯಲ್ಲಿ ಹೊಳೆಗೆ ಉಪ್ಪು ನೀರು ಹತ್ತದ ಹಾಗೆ ತಡೆಯುವ ಕಟ್ಟ (ರೆಗ್ಯುಲೇಟರ್) ಆಗುವ ಮೊದಲು ಬೇಸಗೆಯಲ್ಲಿ ಕಾಸರಗೋಡು ಪೇಟೆಯ ನಲ್ಲಿಗೆ ಉಪ್ಪು ನೀರು ಬರ್ತಿತ್ತಲ್ಲ, ಆವಾಗ ಪೇಟೆಯಲ್ಲಿದ್ದವರಿಗೆ ಇದು ಹೇಳಬೇಕಂತ ಇಲ್ಲ. ಸಮುದ್ರದ ಹತ್ತಿರದ ಬಾವಿಯವರು ಗಡ್ಡಕ್ಕೆ ಬೇಕಾದ ಒಂದು ಚೊಂಬು ಒಳ್ಳೇ ನೀರು ಬೇರೆ ಎತ್ತಿಟ್ಕೊಂಡ್ರೆ ಮುಖಕ್ಕೂ ಒಳ್ಳೇದು, ಬ್ರಶ್ಶಿಗೂ ಒಳ್ಳೇದು.

ಮುಖದ ಮೇಲೆ ಪಾತ್ರೆ ತಿಕ್ಕಿದ ಹಾಗೆ ಒತ್ತಬೇಡಿ. ಬ್ರಶ್ಶಿನ ಅರ್ಧ ಉದ್ದ ಮಾತ್ರ ಬಗ್ಗುವಷ್ಟು ಒತ್ತಿ ತಿರುಗಿಸಿ, ಕೊನೆಗೆ ಗೋಡೆಗೆ ಸುಣ್ಣ ಬಳಿದ ಹಾಗೆ ಅತ್ತ ಇತ್ತ ಎಳೆದು ಸಮ ಮಾಡಿ. ಬುಡದವರೆಗೆ ಒತ್ತಿ ಒತ್ತಿ ತಿಕ್ಕಿದ್ರೆ ಕೂದಲು ನಡುವಲ್ಲೇ ತುಂಡಾಗ್ತದೆ.

ಒಣಗಿಸುವುದು, ಇದೇ ಮುಖ್ಯ

ಗಡ್ಡ ಆದ ಮೇಲೆ ಬ್ರಶ್ಶನ್ನು ಒಂದು ಸಲ ನೀರಲ್ಲಿ ಅಲ್ಲಾಡಿಸಿ ಇಟ್ಟರೆ ತೊಳೆದ ಹಾಗೆ ಆಗುವುದಿಲ್ಲ. ನಲ್ಲಿಯ ಕೆಳಗೆ ಕೂದಲನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ, ಬುಡದಿಂದ ತುದಿಗೆ ಹಿಂಡಿ, ಹಿಂಡಿದ ನೀರು ತಿಳಿಯಾಗಿ ಬರುವವರೆಗೆ ತೊಳೀರಿ. ಸಾಬೂನು ಉಳಿದ ಕಡೆ ತೇವ ಉಳೀತದೆ, ತೇವ ಉಳಿದ ಕಡೆ ಬೂಷ್ಟು ಬರ್ತದೆ, ಆ ಬೂಷ್ಟು ಹೊರಗಿಂದ ಕಾಣುವುದೇ ಇಲ್ಲ, ಬುಡದಲ್ಲಿ ಒಳಗೊಳಗೇ ಇರ್ತದೆ, ಒಂದು ದಿನ ಮೂಗಿನ ಹತ್ತಿರ ತಂದಾಗ ಮುಗ್ಗಲು ವಾಸನೆ. ತೊಳೆದ ಮೇಲೆ ತಿರುಚಿ ಹಿಂಡಬೇಡಿ, ಮುಷ್ಟಿಯಲ್ಲಿ ಮೆಲ್ಲಗೆ ಒತ್ತಿ ನೀರು ತೆಗೆದು, ಅಂಗಳಕ್ಕೆ ಮುಖ ಮಾಡಿ ಐದಾರು ಸಲ ಜೋರಾಗಿ ಕೊಡವಿ, ಆಮೇಲೆ ಒಣ ಬೈರಾಸದ ಮೇಲೆ ಅತ್ತಿತ್ತ ಒರೆಸಿ. ಅರ್ಧ ಒಣಗುವುದು ಇಲ್ಲೇ.

ಇಡುವುದು ಎಲ್ಲಿ ಅಂದ್ರೆ ಬಚ್ಚಲು ಬಿಟ್ಟು ಬೇರೆ ಎಲ್ಲಿ ಬೇಕಾದ್ರೂ. ಬಚ್ಚಲಿನ ಕನ್ನಡಿ ಹಿಂದಿನ ಪುಟ್ಟ ಕಪಾಟು, ಪ್ಲಾಸ್ಟಿಕ್ ಡಬ್ಬಿ, ಬ್ರಶ್ಶಿನ ಜೊತೆ ಬರುವ ಮುಚ್ಚಳ, ಇದೆಲ್ಲ ಬ್ರಶ್ಶನ್ನು ಕೊಲ್ಲುವ ಜಾಗ. ಜಗಲಿಯ ಕಿಟಕಿ, ಮಳೆ ಎರಚಲು ಬೀಳದ ಗಾಳಿಯಾಡುವ ಗೂಡು, ಅಲ್ಲಿ ಇಡಿ. ನಿಲ್ಲಿಸಿ ಇಡಬೇಕೋ ನೇತು ಹಾಕಬೇಕೋ ಅಂತ ದೊಡ್ಡ ಚರ್ಚೆ ಮಾಡುವವರಿದ್ದಾರೆ, ಚೆನ್ನಾಗಿ ಕೊಡವಿದ್ದರೆ ಎರಡೂ ಆಗ್ತದೆ, ಗಾಳಿ ತಾಗುವುದು ಮುಖ್ಯ. ನನ್ನ ಅಪ್ಪ ಹಿಡಿಯ ಸೊಂಟಕ್ಕೆ ಒಂದು ದಾರ ಕಟ್ಟಿ ಜಗಲಿಯ ಮೊಳೆಗೆ ಕೂದಲು ಕೆಳಗಾಗಿ ನೇತು ಹಾಕ್ತಿದ್ರು, ನಾನೂ ಈಗ ಹಾಗೇ ಮಾಡುವುದು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಗಾಳಿಯೇ ಒದ್ದೆ ಇರುವಾಗ ರಾತ್ರಿ ಫ್ಯಾನ್ ಇರುವ ಕೋಣೆಗೆ ತಂದು ಇಡಿ. ಒಲೆಯ ದಂಡೆಯ ಮೇಲೆ ಇಡಬೇಡಿ, ಅಡಿಕೆಯ ಹಾಗೆ ಸುಡು ಬಿಸಿಲಿಗೂ ಹಾಕಬೇಡಿ, ಹಿಡಿ ಒಡೀತದೆ. ಹಂದಿ ಕೂದಲಿನದ್ದೇ ಇಷ್ಟ ಇರುವವರು ಎರಡು ಅಗ್ಗದ್ದು ತಗೊಂಡು ದಿನ ಬಿಟ್ಟು ದಿನ ಬಳಸಿ, ಒಂದಕ್ಕೆ ಪೂರ್ತಿ ಒಂದು ದಿನ ಹೆಚ್ಚು ಸಿಗ್ತದೆ, ಒಂದು ದುಬಾರಿ ಬ್ರಶ್ಶಿಗಿಂತ ಇದು ಲಾಭ.

ತಿಂಗಳಿಗೊಮ್ಮೆ ಶಾಂಪೂ ಹಾಕಿ ತೊಳೀರಿ. ಗಡಸು ನೀರಿನವರು ಒಂದು ಲೋಟ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿ ಕೂದಲನ್ನು ಐದು ನಿಮಿಷ ಅದ್ದಿಟ್ಟು ಆಮೇಲೆ ಚೆನ್ನಾಗಿ ತೊಳೆದ್ರೆ ಆ ಬಿಳಿ ಜಿಡ್ಡು ಬಿಟ್ಟು ಹೋಗ್ತದೆ. ಇಷ್ಟೆಲ್ಲ ಮಾಡಿಯೂ ಬುಡದಲ್ಲಿ ಕಪ್ಪು ಚುಕ್ಕೆ, ವಾಸನೆ ಹೋಗದಿದ್ರೆ ಆ ಕೂದಲು ಮುಖಕ್ಕೆ ಬೇಡ.

ಒಬ್ಬರದ್ದು ಒಬ್ಬರಿಗೆ

ಅಪ್ಪ ಮಗ ಆದ್ರೂ ಬ್ರಶ್ಶು ಬೇರೆ ಬೇರೆ ಇರ್ಲಿ. ಗಡ್ಡ ತೆಗೆಯುವಾಗ ಕಣ್ಣಿಗೆ ಕಾಣದ ಗಾಯ ಆಗ್ತದೆ, ಆ ರಕ್ತ ಬ್ರಶ್ಶಿಗೆ ತಾಗ್ತದೆ, ರಕ್ತದಿಂದ ಹರಡಿ ಲಿವರಿಗೆ ಬಾಧಿಸುವ ಹೆಪಟೈಟಿಸ್ ಬಿ ವೈರಸ್ಸು ದೇಹದ ಹೊರಗೆ 7 ದಿನ ಆದ್ರೂ ಬದುಕ್ತದೆ. ಸೆಲೂನಲ್ಲಿ ಬ್ಲೇಡು ಹೊಸತು ಹಾಕ್ತಾರೆ, ನಾವೂ ಅದನ್ನು ನೋಡಿ ಸಮಾಧಾನ ಪಟ್ಕೊಳ್ತೇವೆ, ಬ್ರಶ್ಶು ಬೆಳಗ್ಗಿನಿಂದ ಎಲ್ಲರಿಗೂ ಅದೇ. ನಾನು ನನ್ನದನ್ನು ಒಂದು ಬಟ್ಟೆ ಚೀಲದಲ್ಲಿ ಹಾಕಿ ತಗೊಂಡು ಹೋಗ್ತೇನೆ, “ಅಣ್ಣ, ಇದರಲ್ಲೇ ಹಚ್ಚಿ” ಅಂತ ಕೊಟ್ಟರೆ ಯಾರೂ ಬೇಜಾರು ಮಾಡ್ಲಿಲ್ಲ ಇದುವರೆಗೆ.

ಕೂದಲು ಉದುರಿದ್ರೆ

ಮೊದಲ ಹತ್ತು ಹದಿನೈದು ಸಲ ಒಂದೆರಡು ಎಳೆ ಉದುರುವುದು ಲೆಕ್ಕಕ್ಕಿಲ್ಲ, ಗಮ್ಮಿಗೆ ಸಿಗದೆ ಇದ್ದ ಎಳೆ ಅದು. ತಿಂಗಳು ಕಳೆದ ಮೇಲೂ ದಿನಾ ಗಲ್ಲಕ್ಕೆ ಎಳೆ ಅಂಟಿದ್ರೆ ಬುಡದ ಗಮ್ಮು ಬಿಡ್ತಾ ಉಂಟು ಅಂತ ಅರ್ಥ. ಕೆಲವೊಮ್ಮೆ ಇಡೀ ಕಟ್ಟೇ ಹಿಡಿಯಿಂದ ಕಳಚಿ ಕೈಗೆ ಬರ್ತದೆ, ಹಾಗೆ ಬಂದ್ರೆ ಹೆದರಬೇಡಿ, ಅದು ರಿಪೇರಿಗೆ ಸುಲಭ. ಕಟ್ಟು ಕೂರುವ ಹಿಡಿಯ ಗುಳಿಯೊಳಗಿನ ಹಳೇ ಗಮ್ಮನ್ನು ಚೂರಿಯ ತುದಿಯಲ್ಲಿ ಕೆರೆದು ತೆಗೀರಿ, ಕಟ್ಟನ್ನೂ ಗುಳಿಯನ್ನೂ ಎರಡು ದಿನ ಪೂರ್ತಿ ಒಣಗಿಸಿ, ಎರಡು ಟ್ಯೂಬಿನ ಎಪಾಕ್ಸಿ ಗಮ್ಮನ್ನು ಸಮ ಸಮ ಕಲಸಿ ಗುಳಿಯ ತಳಕ್ಕೆ ಸ್ವಲ್ಪ ಹಾಕಿ, ಕಟ್ಟು ಓರೆ ಆಗದ ಹಾಗೆ ಕೂರಿಸಿ, ಹೆಚ್ಚಾಗಿ ಮೇಲೆ ಬಂದದ್ದನ್ನು ಕೂಡ್ಲೇ ಒರೆಸಿ, 24 ಗಂಟೆ ಮುಟ್ಟಬೇಡಿ. ಕೂದಲೇ ಸವೆದು ಹೋಗಿದ್ರೆ ಕೂದಲಿನ ಕಟ್ಟು ಮಾತ್ರ ಆನ್‌ಲೈನಲ್ಲಿ ಸಿಗ್ತದೆ, ಗುಳಿಯ ಅಗಲವನ್ನು ಸ್ಕೇಲಲ್ಲಿ ಅಳೆದು ಅದೇ ಮಿಲ್ಲಿಮೀಟರಿನದ್ದು ತರಿಸಿ. ಜಗಲಿಯ ಮೊಳೆಯಲ್ಲಿ ಈಗ ನೇತಾಡುವುದು ಅಪ್ಪನದ್ದೇ ಹಿಡಿ, ಅವರು ಕಟ್ಟಿದ ದಾರವೇ, ಒಳಗೆ ನಾನು ಕೂರಿಸಿದ 22ರ ಸಿಂಥೆಟಿಕ್ ಕಟ್ಟು.